ನೋವಿನ ಮಾತ್ರೆ ಬಿಡಿಸುವ ಚಿಕಿತ್ಸೆ: ಫೋನು ಎಲ್ಲಿಯವರೆಗೆ ಸಾಗೀತು?

ಮಳೆಗಾಲ ಬಂತೆಂದರೆ ದಕ್ಷಿಣ ಕನ್ನಡ ಮತ್ತು ಉಡುಪಿಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಬಿಡುವಿರುವುದಿಲ್ಲ. ಒದ್ದೆ ಮರ ಏರಿ ಇಳಿಯುವ ಅವರ ಸೊಂಟ ಮೊಣಕಾಲುಗಳು, ಮಲ್ಪೆ ಬಂದರಿನಲ್ಲಿ ಬಲೆ ಎಳೆಯುವವರ ಭುಜ, ದಿನವಿಡೀ ಬಗ್ಗಿ ಕುಳಿತು ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಕಾಲಿಗೆ ಸರಳು ಹಾಕಿಸಿಕೊಂಡ ಹುಡುಗರ ನೋವು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಊರಿನ ಮೆಡಿಕಲ್ ಅಂಗಡಿಯ ಮುಂದೆ. ಅಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುವ ಮಾತ್ರೆಗಳಲ್ಲಿ ಟ್ರಮಡಾಲ್ ಮತ್ತು ಟ್ಯಾಪೆಂಟಡಾಲ್ ಕೂಡ ಇವೆ. ಇವು ಪ್ಯಾರಾಸಿಟಮಾಲ್ ಜಾತಿಯವಲ್ಲ. ಅಫೀಮು, ಮಾರ್ಫಿನ್‌ಗಳು ಮಿದುಳಿನ ಯಾವ ಗ್ರಾಹಕಗಳ (ಔಷಧ ಬಂದು ಅಂಟಿಕೊಳ್ಳುವ ತಾಣಗಳ) ಮೇಲೆ ಕೆಲಸ ಮಾಡುತ್ತವೆಯೋ ಅವುಗಳ ಮೇಲೆಯೇ ಕೆಲಸ ಮಾಡುವ ಒಪಿಯಾಯ್ಡ್ ವರ್ಗದ ಔಷಧಗಳಿವು.

ವೈದ್ಯರು ಒಂದು ವಾರಕ್ಕೆಂದು ಬರೆದ ಮಾತ್ರೆ, ನೋವು ಮರುಕಳಿಸಿದ ಕಾರಣಕ್ಕೆ ಒಂದು ತಿಂಗಳಾಗುತ್ತದೆ. ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಕೊಳ್ಳಲಾಗುತ್ತದೆ. ದಿನಕ್ಕೆ ಎರಡಿದ್ದದ್ದು ನಾಲ್ಕಾಗಿ, ಎಂಟಾಗಿ, ಒಂದು ದಿನ ಅಂಗಡಿಯವರು ಇಲ್ಲವೆಂದಾಗ ಮಾತ್ರ ಆ ವ್ಯಕ್ತಿಗೆ ತಾನು ನೋವಿಗಾಗಿ ನುಂಗುತ್ತಿಲ್ಲ, ನುಂಗದೆ ಇರಲಾರದ್ದಕ್ಕೆ ನುಂಗುತ್ತಿದ್ದೇನೆ ಎಂಬುದು ಅರಿವಾಗುತ್ತದೆ. ನಮ್ಮ ಕಡೆ ಅಮಲು ಎಂದರೆ ಮದ್ಯ ಅಥವಾ ಗಾಂಜಾ. ಚೀಟಿಯ ಮೇಲೆ ತಂದ ಮಾತ್ರೆಯನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದ್ದರಿಂದಲೇ ಈ ತೊಂದರೆ ಮನೆಯೊಳಗೆ ಬಹುಕಾಲ ಹೆಸರಿಲ್ಲದೆ ಉಳಿಯುತ್ತದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ಶೇಕಡ 2.1ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಒಪಿಯಾಯ್ಡ್ ಬಳಸುತ್ತಿದ್ದರು. ಹೆರಾಯಿನ್ ಬಳಸುವವರು ಶೇಕಡ 1.14 ಇದ್ದರೆ, ಔಷಧ ರೂಪದ ಒಪಿಯಾಯ್ಡ್‌ಗಳನ್ನು ಬಳಸುವವರು ಶೇಕಡ 0.96. ಎರಡರ ನಡುವಿನ ಅಂತರ ಎಷ್ಟು ಕಡಿಮೆಯೆಂಬುದು ಗಮನಾರ್ಹ: ಕಳ್ಳಸಾಗಣೆಯ ಪುಡಿಗೂ ಔಷಧಂಗಡಿಯ ಮಾತ್ರೆಗೂ ಬಳಕೆದಾರರ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸಮೀಕ್ಷೆಯ ಹಿಂದೆಮುಂದೆಯೇ, 2018ರ ಏಪ್ರಿಲ್‌ನಲ್ಲಿ, ಸರ್ಕಾರ ಟ್ರಮಡಾಲನ್ನು ಮಾದಕವಸ್ತು ಕಾಯಿದೆಯ ಪಟ್ಟಿಗೆ ಸೇರಿಸಿತು. ಟ್ಯಾಪೆಂಟಡಾಲ್ ಆಗ ಆ ಪಟ್ಟಿಗೆ ಸೇರಲಿಲ್ಲ. ಟ್ಯಾಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ಮಾರಾಟವಾಗುತ್ತಿರುವುದು ಬಯಲಾದ ನಂತರ, 2025ರ ಫೆಬ್ರವರಿಯಲ್ಲಿ, ಅವುಗಳ ತಯಾರಿಕೆ ಮತ್ತು ರಫ್ತನ್ನು ಸರ್ಕಾರ ನಿಲ್ಲಿಸಬೇಕಾಯಿತು. ಮಾತ್ರೆಯ ದಾರಿ ಮುಚ್ಚುವ ಕೆಲಸ ಹೀಗೆ ಹಂತಹಂತವಾಗಿ ನಡೆದಿದೆ. ಅದರ ಹಿಡಿತಕ್ಕೆ ಈಗಾಗಲೇ ಸಿಕ್ಕವರಿಗೆ ಚಿಕಿತ್ಸೆಯ ದಾರಿ ತೆರೆಯುವ ಕೆಲಸ ಅದೇ ವೇಗದಲ್ಲಿ ನಡೆದಿಲ್ಲ ಎಂಬುದು ನನ್ನ ಆತಂಕ. ಆ ದಾರಿಯಲ್ಲಿ ದೂರವೈದ್ಯ, ಅಂದರೆ ಫೋನು, ವಿಡಿಯೊ ಕರೆಯ ಮೂಲಕ ಸಿಗುವ ವೈದ್ಯರ ನೆರವು, ಎಷ್ಟು ದೂರ ಸಾಗೀತು ಎಂಬುದೇ ಇಲ್ಲಿನ ಪ್ರಶ್ನೆ.

ಮಾತ್ರೆ ನಿಂತಾಗ ದೇಹದಲ್ಲಿ ಆಗುವುದೇನು? ತಿಂಗಳುಗಟ್ಟಲೆ ಹೊರಗಿನಿಂದ ಒಪಿಯಾಯ್ಡ್ ಬರುತ್ತಿರುವಾಗ ನರಮಂಡಲ ತನ್ನ ಎಚ್ಚರದ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ಬಿಗಿಮಾಡಿಕೊಂಡಿರುತ್ತದೆ. ಒತ್ತಿ ಹಿಡಿದಿದ್ದ ಕೈ ಸರಿದೊಡನೆ ಆ ವ್ಯವಸ್ಥೆ ಪುಟಿದೇಳುತ್ತದೆ. ಕೊನೆಯ ಮಾತ್ರೆಯ ನಂತರ ಎಂಟರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಬೆವರು ಶುರುವಾಗಿ, ಎರಡನೆಯ ಮೂರನೆಯ ದಿನ ಮೈ ನವಿರೇಳುವುದು, ಹೊಟ್ಟೆ ಹಿಂಡುವುದು, ವಾಂತಿ ಭೇದಿ, ಮೂಳೆಯೊಳಗಿನ ನೋವು, ಕಾಲು ನಿಲ್ಲಿಸಲಾಗದ ಚಡಪಡಿಕೆ, ನಿದ್ದೆಯಿಲ್ಲದ ರಾತ್ರಿ ಎಲ್ಲ ಒಟ್ಟಿಗೆ ಬರುತ್ತವೆ. ವಾರ ಹತ್ತು ದಿನದಲ್ಲಿ ದೇಹದ ಲಕ್ಷಣಗಳು ಇಳಿಯುತ್ತವೆ. ಟ್ರಮಡಾಲ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅದು ಒಪಿಯಾಯ್ಡ್ ಆಗಿರುವ ಜೊತೆಗೆ ಖಿನ್ನತೆಯ ಕೆಲವು ಔಷಧಗಳಂತೆ ಮಿದುಳಿನ ರಾಸಾಯನಿಕಗಳಾದ ಸೆರೊಟೊನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೂ ಕೆಲಸ ಮಾಡುವುದರಿಂದ, ನಿಲ್ಲಿಸಿದಾಗ ಕೆಲವರಲ್ಲಿ ತೀವ್ರ ಭಯ, ಗೊಂದಲ, ಮೈಯಲ್ಲಿ ಜುಮುಗುಟ್ಟುವಿಕೆ ಕಾಣಿಸುತ್ತವೆ. ದಿನಕ್ಕೆ 400 ಮಿಲಿಗ್ರಾಮ್ ಮೀರಿ ತೆಗೆದುಕೊಳ್ಳುವವರಿಗೆ ಅಪಸ್ಮಾರದಂತೆ ಸೆಳವು ಬರುವ ಅಪಾಯವೂ ಇದೆ. ಈ ಕಾರಣಕ್ಕೇ ಟ್ರಮಡಾಲ್ ಬಿಡಿಸುವುದನ್ನು ಹೆರಾಯಿನ್ ಬಿಡಿಸುವುದಕ್ಕಿಂತ ಹಗುರವೆಂದು ತಿಳಿಯುವುದು ತಪ್ಪು.

ಇದಕ್ಕೆ ಇರುವ ಔಷಧಗಳಲ್ಲಿ ಮುಖ್ಯವಾದುದು ಬ್ಯುಪ್ರೆನಾರ್ಫಿನ್. ಇದೇ ಚಿಕಿತ್ಸೆಗೆ ಬಳಸುವ ಮೆಥಡೋನ್ ಎಂಬ ಇನ್ನೊಂದು ಒಪಿಯಾಯ್ಡ್ ಜೊತೆಗೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದೂರವೈದ್ಯದ ಸಾಧ್ಯತೆಯೂ ಮಿತಿಯೂ ಈ ವಿವರದಲ್ಲೇ ಅಡಗಿದೆ. ಬ್ಯುಪ್ರೆನಾರ್ಫಿನ್ ಕೂಡ ಅದೇ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ, ಉಳಿದವುಗಳಿಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದರೆ ಅವುಗಳನ್ನು ಅರ್ಧಂಬರ್ಧವಷ್ಟೇ ಚುರುಕುಗೊಳಿಸುತ್ತದೆ. ಆ ಅರ್ಧ ಪರಿಣಾಮ ಮೈನೋವು, ಭೇದಿ, ಚಡಪಡಿಕೆಗಳನ್ನು ತಣಿಸಲು ಸಾಕಾಗುತ್ತದೆ. ಪ್ರಮಾಣ ಹೆಚ್ಚಿಸುತ್ತ ಹೋದರೂ ಒಂದು ಮಟ್ಟದ ನಂತರ ಉಸಿರಾಟದ ಮೇಲಿನ ಪರಿಣಾಮ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲವಾದ್ದರಿಂದ, ಮಾರ್ಫಿನ್ ಅಥವಾ ಮೆಥಡೋನ್‌ಗೆ ಹೋಲಿಸಿದರೆ ಉಸಿರು ನಿಲ್ಲುವ ಅಪಾಯ ಕಡಿಮೆ. ಅದರ ಪ್ರಭಾವ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಉಳಿಯುವುದರಿಂದ ಸಾಮಾನ್ಯವಾಗಿ ದಿನಕ್ಕೊಮ್ಮೆ ಕೊಟ್ಟರಾಯಿತು.

ಮಾತ್ರೆಯನ್ನು ನುಂಗುವಂತಿಲ್ಲ; ನಾಲಿಗೆಯಡಿ ಇಟ್ಟು ಕರಗಿಸಬೇಕು, ನುಂಗಿದರೆ ಯಕೃತ್ತು ಅದರ ಬಹುಭಾಗವನ್ನು ದಾರಿಯಲ್ಲೇ ಕರಗಿಸಿಬಿಡುತ್ತದೆ. ನಮ್ಮಲ್ಲಿ ಇದು ನಲೋಕ್ಸೋನ್ ಎಂಬ ಇನ್ನೊಂದು ಔಷಧದೊಡನೆ ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಬೆರೆತೂ ಬರುತ್ತದೆ. ನಾಲಿಗೆಯಡಿ ಇಟ್ಟಾಗ ನಲೋಕ್ಸೋನ್ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಯಾರಾದರೂ ಮಾತ್ರೆಯನ್ನು ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಂಡರೆ ಮಾತ್ರ ಅದು ಎದ್ದು ನಿಂತು ಅಮಲನ್ನು ತಡೆದು ಸಂಕಟ ತರುತ್ತದೆ.

ಇಲ್ಲಿರುವ ಮುಖ್ಯ ಎಚ್ಚರಿಕೆ ಮೊದಲ ಮಾತ್ರೆಯದು. ಟ್ರಮಡಾಲ್ ಅಥವಾ ಬೇರೆ ಒಪಿಯಾಯ್ಡ್ ಇನ್ನೂ ಗ್ರಾಹಕಗಳಲ್ಲಿ ಕುಳಿತಿರುವಾಗಲೇ ಬ್ಯುಪ್ರೆನಾರ್ಫಿನ್ ಕೊಟ್ಟರೆ, ಅದು ಹಳೆಯದನ್ನು ಒಮ್ಮೆಲೇ ತಳ್ಳಿ ತಾನು ಕುಳಿತುಕೊಳ್ಳುತ್ತದೆ, ಆದರೆ ಅರ್ಧ ಪರಿಣಾಮವನ್ನಷ್ಟೇ ಕೊಡುತ್ತದೆ. ಎರಡು ದಿನಗಳಲ್ಲಿ ಮೆಲ್ಲಗೆ ಬರಬೇಕಾದ ಯಾತನೆ ಆಗ ಅರ್ಧ ಗಂಟೆಯಲ್ಲಿ ಬಂದೆರಗುತ್ತದೆ. ಅದನ್ನೊಮ್ಮೆ ಅನುಭವಿಸಿದವರು ಚಿಕಿತ್ಸೆಯ ಹತ್ತಿರವೂ ಸುಳಿಯದೆ ಇರಬಹುದು. ಹಾಗಾಗಿ ಲಕ್ಷಣಗಳು ಸ್ಪಷ್ಟವಾಗಿ ಶುರುವಾಗುವವರೆಗೆ ಕಾದು ಮೊದಲ ಮಾತ್ರೆ ಕೊಡುತ್ತಾರೆ. ಎಷ್ಟು ಕಾಯಬೇಕೆಂದು ತಿಳಿಯಲು ಹನ್ನೊಂದು ಅಂಶಗಳ ಒಂದು ಅಳತೆಪಟ್ಟಿ ಬಳಕೆಯಲ್ಲಿದೆ: ನಾಡಿಬಡಿತ, ಕಣ್ಣಿನ ಪಾಪೆಯ ಗಾತ್ರ, ಬೆವರು, ಆಕಳಿಕೆ, ಕೈನಡುಕ, ಚಡಪಡಿಕೆ, ನವಿರು ಮುಂತಾದವಕ್ಕೆ ಅಂಕ ಕೊಟ್ಟು ಕೂಡಿಸುತ್ತಾರೆ. ಒಟ್ಟು 5ರಿಂದ 12 ಬಂದರೆ ಸೌಮ್ಯ, 13ರಿಂದ 24 ಮಧ್ಯಮ, ಅದಕ್ಕೂ ಮೇಲೆ ಹೋದರೆ ತೀವ್ರ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಿಡಿಯೊ ಕರೆಯ ಮುಂದೆ ಕುಳಿತ ವೈದ್ಯರನ್ನು ಊಹಿಸಿಕೊಂಡರೆ ದೂರವೈದ್ಯ ಎಷ್ಟು ದೂರ ಹೋಗಬಲ್ಲದೆಂಬುದು ಸ್ಪಷ್ಟವಾಗುತ್ತದೆ. ಆಕಳಿಕೆ, ಬೆವರು, ಚಡಪಡಿಕೆ, ನಡುಕ ತೆರೆಯ ಮೇಲೆ ಕಾಣುತ್ತವೆ. ನಾಡಿಯನ್ನು ರೋಗಿಯಿಂದಲೋ ಮನೆಯವರಿಂದಲೋ ಎಣಿಸಿ ಹೇಳಿಸಬಹುದು. ಪಾಪೆಯ ಗಾತ್ರ, ಮೈನವಿರು ಕಳಪೆ ಬೆಳಕಿನಲ್ಲಿ, ನಿಂತುನಿಂತು ಬರುವ ನೆಟ್‌ವರ್ಕಿನಲ್ಲಿ ಕಾಣುವುದು ಕಷ್ಟ. ಮಳೆಗಾಲದ ಕರಾವಳಿಯಲ್ಲಂತೂ ಇನ್ನೊಂದು ಗೊಂದಲವಿದೆ: ಮೈಕೈ ನೋವು, ಚಳಿ, ವಾಂತಿ ಎಂದರೆ ಅದು ಇಲಿಜ್ವರವೂ ಆಗಿರಬಹುದು, ಡೆಂಗಿಯೂ ಆಗಿರಬಹುದು. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಗಿದೆ ಎಂದು ಫೋನಿನಲ್ಲಿ ತೀರ್ಮಾನಿಸಿ ರಕ್ತಪರೀಕ್ಷೆ ತಪ್ಪಿಸಿದರೆ ಜೀವಕ್ಕೇ ಕುತ್ತು.

ಕಾನೂನಿನ ತೊಡಕು ಇದಕ್ಕಿಂತ ದೊಡ್ಡದು. ಕೊರೋನಾ ಲಾಕ್‌ಡೌನ್ ಆರಂಭವಾದ ದಿನವೇ, 2020ರ ಮಾರ್ಚ್ 25ರಂದು, ಭಾರತದಲ್ಲಿ ದೂರವೈದ್ಯದ ಮಾರ್ಗಸೂಚಿಗಳು ಹೊರಬಂದವು. ವಿಡಿಯೊ, ಧ್ವನಿ, ಬರಹ ಮೂರೂ ಮಾಧ್ಯಮಗಳಲ್ಲಿ ಸಲಹೆ ಕೊಡಬಹುದೆಂದು ಅವು ಒಪ್ಪಿದವು. ಯಾವ ಔಷಧವನ್ನು ಯಾವ ಸಂದರ್ಭದಲ್ಲಿ ಬರೆಯಬಹುದೆಂದು ಪಟ್ಟಿಗಳನ್ನು ಮಾಡಿ, ಕೊನೆಗೆ ನಿಷೇಧಿತ ಪಟ್ಟಿಯೊಂದನ್ನು ಇಟ್ಟವು. 1985ರ ಮಾದಕವಸ್ತು ಕಾಯಿದೆಯಡಿ ಬರುವ ಯಾವುದೇ ಮಾದಕ ಅಥವಾ ಮನಃಪ್ರಭಾವಿ ವಸ್ತುವನ್ನು ದೂರದಿಂದ ಬರೆಯುವಂತಿಲ್ಲ. ಬ್ಯುಪ್ರೆನಾರ್ಫಿನ್ ಆ ಕಾಯಿದೆಯಡಿ ಮನಃಪ್ರಭಾವಿ ವಸ್ತು. ರೋಗ ತಂದ ಟ್ರಮಡಾಲ್ ಯಾವ ಕಾಯಿದೆಯಡಿ ಬರುತ್ತದೆಯೋ ಅದರ ಚಿಕಿತ್ಸೆಯೂ ಅದೇ ಕಾಯಿದೆಯಡಿ ಬರುವುದರಿಂದ, ಫೋನಿನ ಆಚೆಯ ವೈದ್ಯರು ಎರಡನ್ನೂ ಬರೆಯಲಾರರು. ಇದಲ್ಲದೆ ಬ್ಯುಪ್ರೆನಾರ್ಫಿನ್ ಮಾತ್ರೆಗಳು ಸಾಮಾನ್ಯ ಮೆಡಿಕಲ್ ಅಂಗಡಿಗೆ ಬರುವುದಿಲ್ಲ. ವ್ಯಸನ ಚಿಕಿತ್ಸೆಯ ವ್ಯವಸ್ಥೆಯಿರುವ ಆಸ್ಪತ್ರೆ, ಕೇಂದ್ರಗಳಿಗಷ್ಟೇ ಪೂರೈಕೆಯಾಗುತ್ತವೆ.

ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿಯೂ 2008ರ ಕಾಯಿದೆಯೊಂದು ನಿಯಂತ್ರಿತ ಔಷಧ ಬರೆಯುವ ಮೊದಲು ವೈದ್ಯರು ರೋಗಿಯನ್ನು ಎದುರಿಗೆ ನೋಡಿರಬೇಕೆಂದು ಹೇಳಿತ್ತು. 2020ರ ಮಾರ್ಚ್‌ನಲ್ಲಿ ಆ ಷರತ್ತನ್ನು ಸಡಿಲಿಸಿ, ಬ್ಯುಪ್ರೆನಾರ್ಫಿನನ್ನು ಬರೀ ದೂರವಾಣಿ ಮಾತುಕತೆಯ ಮೇಲೂ ಆರಂಭಿಸಲು ಅವಕಾಶ ಕೊಟ್ಟರು. ಅಲ್ಲಿನ ಸಾರ್ವಜನಿಕ ವಿಮೆಯಾದ ಮೆಡಿಕೇರ್ ದಾಖಲೆಗಳ ಮೇಲೆ 2022 ಮತ್ತು 2023ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ದೂರವೈದ್ಯದ ಮೂಲಕ ಚಿಕಿತ್ಸೆ ಪಡೆದವರು ಹೆಚ್ಚು ಕಾಲ ಚಿಕಿತ್ಸೆಯಲ್ಲಿ ಉಳಿದದ್ದೂ ಅತಿಸೇವನೆಯ ಅಪಾಯ ಅವರಲ್ಲಿ ಕಡಿಮೆಯಿದ್ದದ್ದೂ ಕಂಡುಬಂತು. 2025ರ ಜನವರಿಯಲ್ಲಿ ಪ್ರಕಟವಾದ ನಿಯಮ ಆರು ತಿಂಗಳವರೆಗಿನ ಮೊದಲ ಪೂರೈಕೆಗೆ ದಾರಿ ಮಾಡಿತು. ವೈದ್ಯರು ಔಷಧ ವಿತರಣೆಯ ದಾಖಲೆ ನೋಡಿ ಬರೆಯಬೇಕು, ಔಷಧಂಗಡಿಯವರು ಗುರುತು ಪರಿಶೀಲಿಸಿ ಕೊಡಬೇಕು ಎಂಬವು ಅದರ ಷರತ್ತುಗಳು. ಆ ದಾಖಲೆ ವ್ಯವಸ್ಥೆ ಅಲ್ಲಿ ಗಣಕದಲ್ಲಿದೆ. ನಮ್ಮಲ್ಲಿ ಕೆಲವು ಔಷಧಗಳಿಗೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದು ಮೂರು ವರ್ಷ ಇಡಬೇಕಾದ ಪುಸ್ತಕವಿದೆ, ಆದರೆ ಒಂದು ಅಂಗಡಿಯ ಪುಸ್ತಕ ಇನ್ನೊಂದಕ್ಕೆ ಕಾಣಿಸುವುದಿಲ್ಲ. ಹಾಗಾಗಿ ಅಲ್ಲಿನ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿಗೆ ತರುವುದು ವಿವೇಕವಲ್ಲ.

ನಮ್ಮ ಸರ್ಕಾರದ ಬಿಗಿಗೆ ಇತಿಹಾಸದ ಕಾರಣವೂ ಇದೆ. 1990ರ ದಶಕದಲ್ಲಿ ಚೆನ್ನೈ, ದೆಹಲಿ, ಕೋಲ್ಕತ್ತಗಳಲ್ಲಿ ಸೂಜಿಯ ಮೂಲಕ ಚುಚ್ಚಿಕೊಳ್ಳಲಾಗುತ್ತಿದ್ದ ಔಷಧಗಳಲ್ಲಿ ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ನೂ ಒಂದಾಗಿತ್ತು. ಎಚ್‌ಐವಿ ಹರಡಿದ ಆ ಕಾಲದ ಪಾಠವನ್ನು ಮರೆಯಬೇಕೆಂದು ಯಾರೂ ಹೇಳಲಾರರು. ಆದರೆ ಅದೇ ಔಷಧವನ್ನು ಸರಿಯಾದ ರೂಪದಲ್ಲಿ ಉಸ್ತುವಾರಿಯಲ್ಲಿ ಕೊಟ್ಟು ಸೂಜಿಯಿಂದ ಜನರನ್ನು ಬಿಡಿಸಿದ ಸರ್ಕಾರಿ ಕೇಂದ್ರಗಳೂ ಈ ದೇಶದಲ್ಲೇ ಇವೆ.

ಇನ್ನೊಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಹೇಳಲೇಬೇಕು. ಹತ್ತು ದಿನದ ಯಾತನೆ ದಾಟಿಸಿದರೆ ಚಿಕಿತ್ಸೆ ಮುಗಿಯಿತೆಂದು ಮನೆಯವರು ನಂಬುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರಗಳ ಬೇರು ಆಳವಾಗಿದೆ. ಊರಿನವರು ಸೇರಿ, ದೇವರ ಮುಂದೆ ಮಾತು ಕೊಟ್ಟು, ಒಟ್ಟಿಗೆ ಉಂಡು ಕಳೆಯುವ ಆ ದಿನಗಳ ಬಲವನ್ನು ನಾನು ಗೌರವಿಸುತ್ತೇನೆ. ಒಪಿಯಾಯ್ಡ್ ವಿಷಯದಲ್ಲಿ ಮಾತ್ರ ಬರೀ ಬಿಡಿಸಿ ಕಳುಹಿಸುವುದು ಅಪಾಯಕಾರಿ, ಏಕೆಂದರೆ ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಮೊದಲು ಎಂಟು ಮಾತ್ರೆಗೆ ಏನೂ ಆಗದಿದ್ದ ವ್ಯಕ್ತಿ ಮತ್ತೆ ಅದೇ ಎಂಟನ್ನು ನುಂಗಿದರೆ ಉಸಿರು ನಿಲ್ಲಬಹುದು, ಸೆಳವು ಬರಬಹುದು. ಹಲವು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿ ಇದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 4.3 ಸಾವುಗಳೂ, ಚಿಕಿತ್ಸೆ ಬಿಟ್ಟ ಅವಧಿಯಲ್ಲಿ 9.5 ಸಾವುಗಳೂ ಕಂಡುಬಂದಿದ್ದವು. ಔಷಧವನ್ನು ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಮುಂದುವರಿಸುವುದನ್ನು ಒಂದು ಅಮಲಿನ ಬದಲು ಇನ್ನೊಂದೆಂದು ಹೀಗಳೆಯುವವರು ಈ ಎರಡು ಅಂಕಿಗಳನ್ನು ನೋಡಬೇಕು. ಸಕ್ಕರೆ ಕಾಯಿಲೆಯವರು ದಿನವೂ ಮದ್ದು ತೆಗೆದುಕೊಳ್ಳುವುದನ್ನು ನಾವು ಹಾಗೆ ಕರೆಯುವುದಿಲ್ಲ.

ದೂರವೈದ್ಯದ ನಿಜವಾದ ಉಪಯೋಗ ಇರುವುದು ಈ ದೀರ್ಘ ಅವಧಿಯಲ್ಲೇ ಎಂಬುದು ನನ್ನ ವಾದ. ಮೊದಲ ಮಾತ್ರೆಗೆ ಎದುರಿನ ವೈದ್ಯರು ಬೇಕು. ನಂತರದ ತಿಂಗಳುಗಳಿಗೆ ಹತ್ತಿರವಿರುವ ಒಂದು ಕಿವಿ ಬೇಕು. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್, ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜುಗಳು ಸಾಲುಸಾಲಾಗಿ ಇದ್ದರೂ, ದಿನಗೂಲಿಯ ಮನುಷ್ಯ ಒಂದು ಚೀಟಿಗಾಗಿ ಬಸ್ಸು ಹತ್ತಿದರೆ ಆ ದಿನದ ಸಂಬಳ ಹೋಗುತ್ತದೆ. ಎರಡು ಸಲ ಹೋದವರು ಮೂರನೆಯ ಸಲ ಹೋಗುವುದಿಲ್ಲ. ಬಿಡಿಸುವ ಚಿಕಿತ್ಸೆ ಮುರಿಯುವುದು ಬಹುಪಾಲು ಇಲ್ಲೇ.

ಇರುವ ಕಾನೂನಿನೊಳಗೇ ಇದಕ್ಕೊಂದು ದಾರಿಯಿದೆ. ದೂರವೈದ್ಯದ ಮಾರ್ಗಸೂಚಿ ರೋಗಿ ಮತ್ತು ವೈದ್ಯರ ನಡುವಿನ ಕರೆಯನ್ನಷ್ಟೇ ಹೇಳುವುದಿಲ್ಲ. ಒಬ್ಬ ವೈದ್ಯರು ಇನ್ನೊಬ್ಬ ತಜ್ಞರನ್ನು ಕೇಳುವುದನ್ನೂ ಒಪ್ಪುತ್ತದೆ, ಆಗ ಚಿಕಿತ್ಸೆಯ ಹೊಣೆ ಕೇಳಿದ ವೈದ್ಯರಲ್ಲೇ ಉಳಿಯುತ್ತದೆ. ಕುಂದಾಪುರದ ಅಥವಾ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಯ ವೈದ್ಯರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ನಾಡಿ ನೋಡಿ, ಪಾಪೆಗೆ ಬೆಳಕು ಹಿಡಿದು, ಅಂಕ ಬರೆದು, ಮಂಗಳೂರಿನ ಮನೋವೈದ್ಯರೊಡನೆ ವಿಡಿಯೊದಲ್ಲಿ ಚರ್ಚಿಸಿ ಮೊದಲ ಮಾತ್ರೆಯನ್ನು ತಮ್ಮ ಕಣ್ಣೆದುರೇ ಕೊಟ್ಟರೆ, ಆ ಚೀಟಿ ದೂರದಿಂದ ಬರೆದದ್ದಾಗುವುದಿಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ಕ್ರಮ ಈಗಾಗಲೇ ಇದೆ. ಆ ದಿನವನ್ನೇ ಮೊದಲ ಭೇಟಿಗೆ ಬಳಸಬಹುದು. ಇದಕ್ಕೆ ಬೇಕಾದುದು ತಾಲೂಕು ಆಸ್ಪತ್ರೆಗೆ ಬ್ಯುಪ್ರೆನಾರ್ಫಿನ್ ಇಡುವ ಮಾನ್ಯತೆ, ಬೀಗವಿರುವ ಕಪಾಟು, ಲೆಕ್ಕದ ಪುಸ್ತಕ ಮತ್ತು ಎರಡು ಮೂರು ದಿನ ತರಬೇತಿ ಪಡೆದ ವೈದ್ಯರು, ದಾದಿಯರು.

ಮುಂದಿನ ವಾರಗಳಲ್ಲಿ ಮಾತ್ರೆಯನ್ನು ಸ್ಥಳೀಯ ಆಸ್ಪತ್ರೆಯಿಂದಲೇ ಪಡೆದು, ನಿದ್ದೆ, ಮಲಬದ್ಧತೆ, ಆಸೆ ಮರುಕಳಿಸುವ ಹೊತ್ತು, ಮೂಲದ ನೋವಿಗೆ ವ್ಯಾಯಾಮ, ಇವನ್ನೆಲ್ಲ ಫೋನಿನಲ್ಲಿ ಮಾತನಾಡಬಹುದು. ಮೂಲದ ನೋವು ಎಂದೆ. ಅದನ್ನು ಬಿಟ್ಟು ಚಿಕಿತ್ಸೆ ಮಾಡಿದರೆ ಆ ಮನುಷ್ಯ ಮತ್ತೆ ಹಳೆಯ ಅಂಗಡಿಗೇ ಹೋಗುತ್ತಾನೆ. ಬ್ಯುಪ್ರೆನಾರ್ಫಿನ್ ಬೇಡವಾದವರಿಗೆ, ಅಥವಾ ಅವಲಂಬನೆ ಸೌಮ್ಯವಾಗಿರುವವರಿಗೆ ಕ್ಲೋನಿಡಿನ್ ಇದೆ. ಅದು ಪುಟಿದೆದ್ದ ಎಚ್ಚರದ ವ್ಯವಸ್ಥೆಯನ್ನು ತಣಿಸುತ್ತದೆ. ಮಾದಕವಸ್ತು ಕಾಯಿದೆಯಡಿ ಬರುವುದಿಲ್ಲ. ಆದರೆ ರಕ್ತದೊತ್ತಡವನ್ನು ಇಳಿಸುತ್ತದೆ, ಎದ್ದು ನಿಂತಾಗ ತಲೆ ಸುತ್ತಿ ಬೀಳಿಸಬಹುದು. ಮನೆಯಲ್ಲಿ ಒತ್ತಡ ಅಳೆಯುವ ಯಂತ್ರವಾದರೂ ಇರಬೇಕು, ಇಲ್ಲವೇ ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕಿಯೋ ಬಂದು ನೋಡಬೇಕು. ಮರ ಏರುವವರಿಗೆ ಆ ದಿನಗಳಲ್ಲಿ ಕೆಲಸ ಬೇಡವೆಂದು ಸ್ಪಷ್ಟವಾಗಿ ಹೇಳಲೇಬೇಕು.

ಫೋನನ್ನು ನಂಬಬಾರದ ಸಂದರ್ಭಗಳೂ ಇವೆ. ಹಿಂದೆ ಸೆಳವು ಬಂದವರು, ದಿನವೂ ಮದ್ಯ ಕುಡಿಯುವವರು, ನಿದ್ದೆ ಮಾತ್ರೆಯನ್ನೂ ಸೇರಿಸಿ ನುಂಗುವವರು, ಸಾಯುವ ಮಾತನಾಡುವವರು ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಬ್ಯುಪ್ರೆನಾರ್ಫಿನ್ ಜೊತೆ ಮದ್ಯ ಅಥವಾ ನಿದ್ದೆ ಮಾತ್ರೆ ಸೇರಿದರೆ ಮೇಲೆ ಹೇಳಿದ ಉಸಿರಾಟದ ರಕ್ಷಣೆ ಉಳಿಯುವುದಿಲ್ಲ. ಗರ್ಭಿಣಿಯರಲ್ಲಿ ಒಮ್ಮೆಲೇ ಮಾತ್ರೆ ನಿಲ್ಲಿಸುವುದು ಶಿಶುವಿಗೆ ಅಪಾಯ. ಅವರಿಗೆ ಪ್ರಸೂತಿ ತಜ್ಞರೂ ಮನೋವೈದ್ಯರೂ ಸೇರಿ ಬ್ಯುಪ್ರೆನಾರ್ಫಿನ್ ಮುಂದುವರಿಸುವುದೇ ಅಂಗೀಕೃತ ಕ್ರಮ.

ಕರಾವಳಿಯ ಇನ್ನೊಂದು ವಿಶೇಷ ಕೊಲ್ಲಿ ದೇಶಗಳ ನಂಟು. ರಜೆಯಲ್ಲಿ ಬಂದು ಬೆನ್ನುನೋವಿಗೆ ಟ್ರಮಡಾಲ್ ಕೊಂಡು ಚೀಲದಲ್ಲಿ ಹಾಕಿಕೊಂಡು ಹೊರಟವರಿಗೆ, ಯುಎಇಯಂಥ ದೇಶಗಳಲ್ಲಿ ಅದು ಮುಂಗಡ ಅನುಮತಿ ಬೇಕಾದ ನಿಯಂತ್ರಿತ ಔಷಧವೆಂಬುದು ತಿಳಿದಿರುವುದಿಲ್ಲ. ಅಲ್ಲಿ ಸಿಗದೆಂದು ಹೆದರಿ ವಿಮಾನ ಹತ್ತುವ ಹಿಂದಿನ ವಾರ ತಾವಾಗಿಯೇ ಒಮ್ಮೆಲೇ ನಿಲ್ಲಿಸುವವರಿಗೂ ತೊಂದರೆ ತಪ್ಪದು. ಇಂಥವರಿಗೆ ಮೊದಲ ಭೇಟಿ ಊರಿನಲ್ಲಿ ರಜೆಯ ಆರಂಭದಲ್ಲೇ ಆಗಿ, ಪ್ರಮಾಣವನ್ನು ಮೆಲ್ಲಗೆ ಇಳಿಸುವ ಯೋಜನೆ ಹಾಕಿದರೆ ರಜೆಯ ಒಳಗೆ ಸಾಕಷ್ಟು ದೂರ ಸಾಗಬಹುದು.

ಗುಟ್ಟಿನ ಪ್ರಶ್ನೆಯೂ ಇದೆ. ತಾಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಗುರುತಿನವರು ಕಾಣುತ್ತಾರೆ ಎಂಬ ಅಂಜಿಕೆಗೆ ಫೋನು ಉತ್ತರ ಎನ್ನುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ, ಅತ್ತೆ ಮಾವ ಮಕ್ಕಳ ನಡುವೆ ಫೋನಿನಲ್ಲಿ ಮಾತನಾಡುವ ಬೀಡಿ ಕಟ್ಟುವ ಹೆಂಗಸಿಗೆ ಮಾತ್ರ ಆಸ್ಪತ್ರೆಯ ಬಾಗಿಲು ಮುಚ್ಚಿದ ಕೋಣೆಯೇ ಹೆಚ್ಚು ಗುಟ್ಟಿನ ಜಾಗ. ಪೊಲೀಸರ ಭಯ ಇನ್ನೊಂದು. ಚಿಕಿತ್ಸೆಗೆ ತಾನಾಗಿ ಬಂದವರಿಗೆ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಮಾದಕವಸ್ತು ಕಾಯಿದೆಯಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮಾದಕ ವಸ್ತುಗಳಿಂದ ಬಂದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ತಂದು, ಅದರ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳಿದೆ.

ಕಾನೂನಿನಲ್ಲಿ ಬೇಕಾದ ಬದಲಾವಣೆ ಚಿಕ್ಕದು. ಮೊದಲ ಭೇಟಿ ಎದುರಾಬದುರಾಗಿ ಆಗಿರುವ, ಮಾನ್ಯತೆ ಪಡೆದ ಕೇಂದ್ರದಲ್ಲಿ ನೋಂದಾಯಿತರಾಗಿರುವ ರೋಗಿಗೆ, ನಲೋಕ್ಸೋನ್ ಬೆರೆತ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನಷ್ಟೇ, ನಿಗದಿತ ಅವಧಿಗೆ ಮುಂದುವರಿಸಲು ವಿಡಿಯೊ ಭೇಟಿಯ ಮೇಲೆ ಅನುಮತಿ ಕೊಟ್ಟು, ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆಯಿಂದಲೇ ವಿತರಿಸಬೇಕು. ಕಾಯಿದೆಯನ್ನು ತಿದ್ದದೆಯೇ ಮಾರ್ಗಸೂಚಿಯ ಪಟ್ಟಿಯಲ್ಲಿ ಮಾಡಬಹುದಾದ ಕೆಲಸ ಇದು.

ಅದು ಆಗುವವರೆಗೂ ಜಿಲ್ಲಾ ಆರೋಗ್ಯ ಇಲಾಖೆ ತನ್ನ ಕೈಲಾದಷ್ಟನ್ನು ಈಗಲೇ ಮಾಡಬಹುದು. ಅವಲಂಬಿತನಾದ ಮನುಷ್ಯನನ್ನು ಮೊದಲು ನೋಡುವುದು ವೈದ್ಯರಲ್ಲ, ಹಳೆಯ ಚೀಟಿಗೆ ಮಾತ್ರೆ ಕೊಡಲಾಗದು ಎಂದು ಹೇಳುವ ಮೆಡಿಕಲ್ ಅಂಗಡಿಯವರು. ಅವರ ಮೇಜಿನ ಮೇಲೆ ಕನ್ನಡದಲ್ಲಿ ಮುದ್ರಿಸಿದ ಒಂದು ಸಣ್ಣ ಕಾಗದ ಇರಲಿ: ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ ಎಂಬ ಒಂದು ಸಾಲು, ಯಾವ ಆಸ್ಪತ್ರೆಯಲ್ಲಿ ಯಾವ ವಾರ ಮನೋವೈದ್ಯರು ಸಿಗುತ್ತಾರೆಂಬ ವಿವರ, ಕನ್ನಡದಲ್ಲೇ ಮಾತನಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ವ್ಯಸನ ಸಹಾಯವಾಣಿಯ 14446 ಸಂಖ್ಯೆಗಳು.